ಮುಖ ತಿದ್ದಿದ ಕೈಗಳು

ಭಾವಚಿತ್ರ ತಿದ್ದುವುದೆಂದರೆ ಸುಳ್ಳು ಹೇಳುವುದು, ಆ ಸುಳ್ಳು ಹುಟ್ಟಿದ್ದೇ ಫೋಟೋಶಾಪ್‌ನಿಂದ ಎಂಬ ಮಾತು ಈಚೆಗೆ ಎಲ್ಲೆಡೆ ಕೇಳಿಬರುತ್ತಿದೆ. ಎರಡೂ ಸರಿಯಲ್ಲ. ಮ್ಯೂನಿಕ್‌ನ ಫ್ರಾಂಜ್ ಹಾನ್‌ಫ್‌ಸ್ಟೆಂಗಲ್ ತಿದ್ದಿದ ನೆಗೆಟಿವನ್ನು 1855ರಲ್ಲೇ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಿದ್ದ. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಇದಕ್ಕೆ ‘ಟಚಿಂಗ್’ ಎಂದೇ ಹೆಸರು. ಮುಖದ ಕಪ್ಪು ಕಲೆ ನೆಗೆಟಿವ್‌ನಲ್ಲಿ ತೆಳುವಾಗಿ ಕಾಣುತ್ತದೆ. ಅಲ್ಲಿ ಚೂಪಾದ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಕಲೆ ತಿಳಿಯಾಗುತ್ತದೆ.

ಥಾಮಸ್ ಮತ್ತು ಜಾನ್ ನೋಲ್ ಸಹೋದರರ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು, ಮೊದಲಿಗೆ ಮ್ಯಾಕಿಂಟಾಷ್‌ಗೆ ಮಾತ್ರ. 1994ರಲ್ಲಿ ಅದಕ್ಕೆ ಲೇಯರ್‌ಗಳು, ಎಂದರೆ ಪದರಗಳು, ಸೇರಿದವು. ಮೂಲಚಿತ್ರವನ್ನು ಮುಟ್ಟದೆ ಅದರ ಮೇಲೆ ಕೆಲಸ ಮಾಡುವ ದಾರಿ ತೆರೆಯಿತು.

ಆದರೆ ಮುಖದ ಕೆಲಸಕ್ಕೆ ನಿಜವಾದ ತಿರುವು 2002ರ ಏಳನೆಯ ಆವೃತ್ತಿ. ಅದುವರೆಗಿನ ಕ್ಲೋನ್ ಸ್ಟಾಂಪ್ ಒಂದು ಕಡೆಯ ಚರ್ಮವನ್ನು ಬಣ್ಣ, ಬೆಳಕಿನ ಸಮೇತ ಇನ್ನೊಂದು ಕಡೆಗೆ ಅಂಟಿಸುತ್ತಿತ್ತು. ಕೆನ್ನೆಯ ತುಂಡು ಹಣೆಯ ಮೇಲೆ ತೇಪೆಯಂತೆ ಎದ್ದು ಕಾಣುತ್ತಿತ್ತು. ಏಳರಲ್ಲಿ ಬಂದ ಹೀಲಿಂಗ್ ಬ್ರಷ್ ಚರ್ಮದ ನವಿರನ್ನಷ್ಟೇ ಎತ್ತಿಕೊಂಡು, ಬಣ್ಣ ಮತ್ತು ಬೆಳಕನ್ನು ಹೊಸ ಜಾಗಕ್ಕೆ ಹೊಂದಿಸಿತು. ಹೊಸ ಆವೃತ್ತಿಗಳು ಬಂದರೂ ನಮ್ಮ ಸಣ್ಣ ಊರುಗಳ ಎಷ್ಟೋ ಸ್ಟುಡಿಯೋಗಳು ‘ಸೆವೆನ್’ ಅನ್ನು ವರ್ಷಗಟ್ಟಲೆ ಬಿಡಲಿಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಕೋಟು, ಟೈ ತೊಡಿಸಿದ್ದು, ಮದುವೆಯ ಕರಿಷ್ಮಾ ಆಲ್ಬಮ್‌ಗಳನ್ನು ಕಟ್ಟಿದ್ದು ಅದರಲ್ಲೇ. ತೀರಿಹೋದ ಅಜ್ಜನ ಒಂದೇ ಒಂದು ಚಿತ್ರ ಯಾರದೋ ಮದುವೆಯ ಗ್ರೂಪ್ ಫೋಟೋದಲ್ಲಿ ಇರುತ್ತಿತ್ತು. ಅಲ್ಲಿಂದ ಅವರನ್ನು ಬಿಡಿಸಿ, ಹೆಗಲ ಮೇಲಿದ್ದ ಪಕ್ಕದವರ ಕೈ ತೆಗೆದು, ಮರೆಯಾದ ಭುಜವನ್ನು ತುಂಬಿ, ವೈಕುಂಠ ಸಮಾರಾಧನೆಯ ಹೊತ್ತಿಗೆ ಕಟ್ಟು ಹಾಕಿಸಿ ಕೊಟ್ಟವರೂ ಇದೇ ಜನ. ಇದನ್ನು ಸುಳ್ಳು ಎನ್ನಲಾಗದು.

ಈ ಕಸುಬಿನ ಅತ್ಯುತ್ತಮ ಪರಂಪರೆ ಡಾಡ್ಜ್ ಅಂಡ್ ಬರ್ನ್. ಡಾರ್ಕ್‌ರೂಮಿನಿಂದಲೇ ಬಂದ ವಿದ್ಯೆ ಇದು: ಚರ್ಮವನ್ನು ಅಳಿಸದೆ, ನೆರಳು ಹೆಚ್ಚಿದ ಕಡೆ ಚೂರು ಬೆಳಕು, ಹೊಳಪು ಹೆಚ್ಚಿದ ಕಡೆ ಚೂರು ನೆರಳು. ಒಂದು ಮುಖಕ್ಕೆ ಗಂಟೆಗಳೇ ಬೇಕು. ರೋಮರಂಧ್ರ, ನಗೆಗೆರೆ ಉಳಿಯುತ್ತವೆ. ಚರ್ಮದ ನವಿರನ್ನೂ ಬಣ್ಣವನ್ನೂ ಬೇರೆ ಪದರಗಳಾಗಿ ಬಿಡಿಸುವ ಫ್ರೀಕ್ವೆನ್ಸಿ ಸೆಪರೇಷನ್ ಅವಸರದವರ ಕೈಗೆ ಸಿಕ್ಕಿ ಕೆಟ್ಟಿತು. ಬ್ಲರ್ ಬಳಿದು ಮುಖವನ್ನು ಮೇಣದ ಗೊಂಬೆ ಮಾಡುವುದಂತೂ ಕಸುಬೇ ಅಲ್ಲ. 2020ರ ನ್ಯೂರಲ್ ಫಿಲ್ಟರ್‌ಗಳು ಚರ್ಮ ನುಣುಪಾಗಿಸುವುದನ್ನು ಒಂದು ಸ್ಲೈಡರ್‌ಗೆ ಇಳಿಸಿದವು.

ಟೀಕಿಸುವವರು ನೋಡಬೇಕಾದ ಜಾಗ ಬೇರೆ ಇದೆ. ಫ್ರಾನ್ಸ್‌ನಲ್ಲಿ 2017ರಿಂದ, ಜಾಹೀರಾತಿನ ಮಾಡೆಲ್‌ಗಳ ಮೈಕಟ್ಟು ತಿದ್ದಿದರೆ ಹಾಗೆಂದು ನಮೂದಿಸಬೇಕು. ನಮ್ಮ ಕೌಂಟರ್‌ಗಳಲ್ಲಿ ಕೇಳುವುದು ಮೈಕಟ್ಟಿನ ಮಾತಲ್ಲ, ‘ಸ್ವಲ್ಪ ಬೆಳ್ಳಗೆ ಮಾಡಿ’ ಎಂಬ ಮಾತು. ಬಿಳುಪೇ ಅಳತೆಗೋಲಾದದ್ದು ಹಳೆಯ ಕತೆ: ಕೊಡಾಕ್ ದಶಕಗಳ ಕಾಲ ಬಣ್ಣ ಹೊಂದಿಸಲು ಲ್ಯಾಬ್‌ಗಳಿಗೆ ಕಳಿಸಿದ ‘ಶರ್ಲಿ’ ಕಾರ್ಡಿನಲ್ಲಿದ್ದುದು ಬಿಳಿಯ ಹೆಣ್ಣಿನ ಮುಖ. ಕಪ್ಪು ಮೈಬಣ್ಣವನ್ನು ಇದ್ದಂತೆ ತೋರಿಸುತ್ತೇವೆಂದು ಗೂಗಲ್ ತನ್ನ ಫೋನಿನಲ್ಲಿ ‘ರಿಯಲ್ ಟೋನ್’ ತಂದದ್ದು 2021ರಲ್ಲಿ. ಎಣ್ಣೆಗಪ್ಪು ಮುಖದ ಹೊಳಪನ್ನು ಕೆಡಿಸದೆ ತಿದ್ದುವುದು ಹೇಗೆಂದು ಬಲ್ಲ ಕೈಗಳು ನಮ್ಮ ಸ್ಟುಡಿಯೋಗಳಲ್ಲಿ ಮೊದಲೇ ಇದ್ದವು.

ಆ ಕೈಗಳ ಹೆಸರು ಎಲ್ಲೂ ಇಲ್ಲ. ಫೋಟೋದ ಬೆನ್ನಿಗೆ ಸ್ಟುಡಿಯೋದ ಮೊಹರು ಬಿತ್ತೇ ಹೊರತು ಟಚಿಂಗ್ ಮಾಡಿದವರ ಸಹಿ ಬೀಳಲಿಲ್ಲ. ಲೇಯರ್‌ಗಳ ಸಮೇತ ಉಳಿದ ಫೋಟೋಶಾಪ್‌ನ ಪಿಎಸ್‌ಡಿ ಫೈಲುಗಳು ಮುಚ್ಚಿದ ಅಂಗಡಿಗಳ ಸಿಡಿ, ಹಾರ್ಡ್‌ಡಿಸ್ಕ್‌ಗಳ ಜೊತೆ ಗುಜರಿಗೆ ಹೋಗುತ್ತಿವೆ. ಯಾವ ಗೆರೆ ಉಳಿಸಿದರು, ಯಾವುದನ್ನು ಅಳಿಸಿದರು ಎಂಬುದು ಪದರ ಪದರವಾಗಿ ಕಾಣುವುದು ಆ ಫೈಲುಗಳಲ್ಲಿ ಮಾತ್ರ. ಛಾಯಾಗ್ರಹಣ ಕಲಿಸುವ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ಸ್ಟುಡಿಯೋಗಳಿಂದಲೇ ಇಂಥ ಫೈಲುಗಳ ಸಂಗ್ರಹವನ್ನು ಶುರುಮಾಡಬಹುದು. ಪೆನ್ಸಿಲ್, ಮೌಸ್ ಎರಡನ್ನೂ ಹಿಡಿದವರು ಇನ್ನೂ ಸಿಗುತ್ತಾರೆ.