ಎಡೆದೊರೆ ನಾಡಿನ ನೀರೂ ಎಲುಬೂ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಹೆಸರೆತ್ತಿದೊಡನೆ, ಚರಿತ್ರೆಯ ಅಭ್ಯಾಸಿಗಳಾದ ನಮಗೆ ಮಸ್ಕಿಯ ಬಂಡೆಯೇ ನೆನಪಿಗೆ ಬರುವುದು. 1915ರಲ್ಲಿ ಅಲ್ಲಿ ದೊರೆತ ಶಾಸನದಿಂದ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಆದರೆ ಶ್ರೋತೃಗಳೇ, ಈ ನಾಡಿನ ಕಲ್ಲು ಜನರ ಎಲುಬಿನ ಮೇಲೆ ಬರೆದಿರುವ ಬರಹವನ್ನು ಓದಿದವರು ಕಡಮೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಗಳ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡೆಂಬ ಲವಣವು ಮಿತಿಮೀರಿ ಬೆರೆತಿದೆ. ಮಳೆ ಅಲ್ಪ, ಬಿಸಿಲು ಪ್ರಖರ. ನೀರು ಗ್ರಾನೈಟ್ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಅದರ ಖನಿಜಗಳನ್ನು ಕರಗಿಸಿಕೊಳ್ಳುವುದು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮೀರಿದ ನೀರನ್ನು ಕುಡಿದು ಬೆಳೆದ ಎಳೆಯರ ಹಲ್ಲುಗಳಲ್ಲಿ ಕಂದು ಕಲೆಗಳೇಳುವುವು. ವರ್ಷಗಳು ಕಳೆದಂತೆ ಎಲುಬು ದಪ್ಪವಾಗುವುದು; ಎಲುಬನ್ನು ಎಲುಬಿಗೆ ಬಿಗಿದಿರುವ ಮೃದುವಾದ ಕಟ್ಟುಗಳಲ್ಲಿ ಸುಣ್ಣದಂಶ ಸೇರಿ ಅವೂ ಎಲುಬಿನಂತೆಯೇ ಗಡುಸಾಗುವುವು. ಆಗ ಬೆನ್ನು ಬಾಗದು, ಕತ್ತು ಹೊರಳದು. ಕುಕ್ಕರುಗಾಲಿನಲ್ಲಿ ಕುಳಿತು ಉಣ್ಣುವುದೂ ಅಸಾಧ್ಯ. ಬೆನ್ನುಹುರಿ ಅದುಮಲ್ಪಟ್ಟರೆ ಕಾಲುಗಳ ಸ್ವಾಧೀನವೇ ತಪ್ಪೀತು.

ವಾತವೆಂದೋ ಮುಪ್ಪೆಂದೋ ತೋರುವ ಈ ಬೇನೆಗೆ ಮೂಲ ಯಾವುದೆಂಬುದು ತಿಳಿದು ನೂರು ವರ್ಷವೂ ಆಗಿಲ್ಲ. ಹಲ್ಲಿನ ಕಲೆಗೆ ನೀರಿನ ಫ್ಲೋರೈಡೇ ಕಾರಣವೆಂಬುದು 1931ರಲ್ಲಿ ಅಮೆರಿಕದಲ್ಲಿ ಹೊರಬಿದ್ದಿತು. ಮರುವರ್ಷ ಕೋಪನ್‌ಹೇಗನ್ನಿನಲ್ಲಿ ಕ್ರಯೊಲೈಟ್ ಖನಿಜದ ಧೂಳನ್ನು ಸೇವಿಸುತ್ತಿದ್ದ ಕೂಲಿಗಳ ಎಲುಬಿನಲ್ಲಿ ಇದೇ ವಿಕಾರವು ಕಂಡಿತು. 1937ರಲ್ಲಿ ಷಾರ್ಟ್ ಮೊದಲಾದ ವೈದ್ಯರು ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗರಲ್ಲಿ ಅದನ್ನು ಗುರುತಿಸಿದರು. ರಾಯಚೂರಿನಂತೆಯೇ ಹಿಂದೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ನಲ್ಗೊಂಡದ ರೋಗಿಗಳ ವೃತ್ತಾಂತವು 1955ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು.

ಅಶೋಕನ ಗಿರ್ನಾರದ ಎರಡನೆಯ ಶಾಸನವು ಔಷಧಿಗಳನ್ನೂ ಬಾವಿಗಳನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಬಾವಿಯೇ ರೋಗವನ್ನು ತಂದೀತೆಂದು ಯಾರು ಊಹಿಸಬಲ್ಲರು! 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಸಿಂಧನೂರಿನ ಕಡೆಗೆ ನದಿಯ ನೀರನ್ನು ತಂದಿತು. ಕಾಲುವೆ ಎಟುಕದ ಊರುಗಳು ಬರದ ಭಯದಿಂದ ಕೊಳವೆಬಾವಿಗಳನ್ನು ಕೊರೆಯಿಸಿದುವು. ಆಳದ ಶಿಲೆಯ ನೀರಿನಲ್ಲಿ ಫ್ಲೋರೈಡು ಹಲವೆಡೆ ಇನ್ನೂ ಅಧಿಕ. ಬಾಯಾರಿಕೆಯೇನೋ ತೀರಿತು, ಬೇನೆ ಉಳಿಯಿತು.

ಗಡುಸಾದ ಕಟ್ಟು ಮತ್ತೆ ಮೆದುವಾಗದು. ಔಷಧಿಯಿಂದ ನೋವು ತಗ್ಗೀತು, ಅಷ್ಟೆ. ಪಟಿಕವನ್ನೂ ಸುಣ್ಣವನ್ನೂ ಬೆರೆಸಿ ನೀರನ್ನು ತಿಳಿಗೊಳಿಸುವ, ನಲ್ಗೊಂಡದ ಹೆಸರನ್ನೇ ಹೊತ್ತ ವಿಧಾನವನ್ನು ನಾಗಪುರದ ವಿಜ್ಞಾನಿಗಳು 1970ರ ದಶಕದಲ್ಲಿ ರೂಪಿಸಿದರು. ಅದಕ್ಕಿಂತಲೂ ನದಿಯ ನೀರೇ ಮೇಲೆಂಬುದು ನಮ್ಮ ಮತ. ಹಳ್ಳಿಯೊಂದರ ನೀರು ನಿಜವಾಗಿ ಬದಲಾಯಿತೇ ಎಂಬುದನ್ನು ಕೆಲವು ವರ್ಷಗಳ ತರುವಾಯ ಅಲ್ಲಿಯ ಶಾಲೆಯ ಮಕ್ಕಳಿಗೆ ಮೂಡುವ ಹೊಸ ಹಲ್ಲುಗಳೇ ಹೇಳುವುವು.