ಕಾಳಿ ನಾಯಿಗೆ ಸಿಕ್ಕ ಉಡುಗೊರೆ

ಈಗ ನಾಯಿ ಸಾಕಿರೋರ ಮನೆಗೆ ಹೊರಟ್ರೆ ಮಕ್ಕಳು, ನಾಯಿಗೂ ಏನಾದ್ರೂ ಮಾಡ್ಕೊಂಡೋಗವ್ವ ಅಂತಾರೆ. ಇದ್ಯಾವ ಹೊಸ ಹುಚ್ಚು ಅಂತ ದೊಡ್ಡೋರು ನಗ್ತಾರೆ. ಹೊಸದೇನಲ್ಲ ಕಣ್ರಕ್ಕಾ. ನಾಯಿ ಪ್ರೀತಿಸೋನಿಗೆ ಉಡುಗೊರೆ, ಆಮೇಲೆ ಆ ನಾಯಿಗೇ ಉಡುಗೊರೆ, ಎರಡೂ ಸಾವಿರ ವರ್ಷದ ಹಿಂದೆನೇ ನಮ್ಮ ಮದ್ದೂರು ಸೀಮೆಯ ಆತಕೂರಿನಲ್ಲಿ ನಡೆದೈತೆ. ಕಲ್ಲಿನ ಮೇಲೆ ಬರೆದೂ ಐತೆ.

949ನೇ ಇಸವಿ ಸುಮಾರಿಗೆ, ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಚೋಳರಿಗೂ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ದೊಡ್ಡ ಯುದ್ಧ ಆಯ್ತು. ಗಂಗರ ದೊರೆ ಬೂತುಗ ಕೃಷ್ಣನ ಕಡೆ ನಿಂತಿದ್ದ. ಬೂತುಗನ ಹತ್ರ ಮಣಲೆರ ಅನ್ನೋ ವೀರ ಇದ್ದ. ಅವನು ಕಾದಾಡಿದ್ದನ್ನ ಮೆಚ್ಚಿದ ದೊರೆ, ಬೇಕಾದ್ದು ಕೇಳ್ಕೊ ಅಂದ. ಮಣಲೆರ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿನ! ದೊರೆ ಬಾಯಿಬಿಟ್ಟು ಕೇಳ್ಕೊ ಅಂದಾಗ ಯಾರಾದ್ರೂ ನಾಯಿ ಕೇಳ್ತಾರಾ ಅಂತೀರಾ? ನಾಯಿ ಸಾಕಿರೋರನ್ನ ಕೇಳಿ ನೋಡಿ.

ಆಮೇಲೆ ಬೆಳತೂರಿನ ಗುಡ್ಡದಲ್ಲಿ ದೊಡ್ಡದೊಂದು ಕಾಡುಹಂದಿ ಮೇಲೆ ಕಾಳಿನ ಬಿಟ್ರು. ಎರಡೂ ಕಚ್ಚಾಡಿ ಎರಡೂ ಸತ್ತವು. ಆತಕೂರಿನ ಚೆಲ್ಲೇಶ್ವರ ದೇವಸ್ಥಾನದ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿದ್ರು. ನಾಯಿ ಹಂದಿ ಕಾದಾಡೋ ಚಿತ್ರನೂ ಅದರ ಮೇಲೆ ಕೊರೆದವ್ರೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಐತೆ. ಅತ್ಲಾಗೆ ಹೋದಾಗ ನೋಡ್ಕೊಂಡು ಬನ್ನಿ.

ನನ್ನ ಮನಸ್ಸಿಗೆ ತಾಗೋದು ಆ ಕಾದಾಟ ಅಲ್ಲ, ಕಲ್ಲಿಗೆ ಬಿಟ್ಟ ಭೂಮಿ. ಕಲ್ಲು ನೆಟ್ಟು ಕೈ ತೊಳಕೊಳ್ಳಲಿಲ್ಲ ಅವರು. ಊರ ದೊಡ್ಡ ಕೆರೆ ಕೆಳಗೆ ಎರಡು ಖಂಡುಗದ ಭೂಮಿನೂ ಬಿಟ್ಕೊಟ್ರು. ನೋಡ್ಕೊಳ್ಳೋ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ್ರೆ ಪಾಪ ಅಂತ ಬರೆಸಿದ್ರು. ನಾಳೆ ಯಾರು ನೋಡ್ಕೋತಾರೆ ಅನ್ನೋ ಯೋಚನೆನೂ ಆ ಉಡುಗೊರೆ ಒಳಗೇ ಇತ್ತು. ನಾಯಿ ಹೆಸರನ್ನೂ ಬಿಡಲಿಲ್ಲ. ಎಷ್ಟೋ ರಾಣಿಯರ ಹೆಸರು ನಮಗೆ ಸಿಕ್ಕಿಲ್ಲ, ಕಾಳಿ ಹೆಸರು ಸಿಕ್ಕೈತೆ.

ಇದರ ಮುಂದೆ ಅಂಗಡಿ ನಾಯಿ ಬಿಸ್ಕೆಟ್ ಮೊನ್ನೆ ಮೊನ್ನೆದು. 1860ರ ಆಸುಪಾಸಿನಲ್ಲಿ ಜೇಮ್ಸ್ ಸ್ಪ್ರಾಟ್ ಅನ್ನೋ ಅಮೆರಿಕದೋನು ಸಿಡಿಲು ತಡೆಯೋ ಕಂಬಿ ಮಾರೋಕೆ ಲಂಡನ್ನಿಗೆ ಹೋಗಿದ್ನಂತೆ. ಹಡಗಿನೋರು ಬಿಸಾಕಿದ ಗಟ್ಟಿ ಬಿಸ್ಕೆಟ್ಟನ್ನ ಬಂದರಿನ ನಾಯಿಗಳು ತಿಂತಿದ್ದನ್ನ ಕಂಡು, ಗೋಧಿ, ತರಕಾರಿ, ಬೀಟ್‌ರೂಟ್, ಮಾಂಸ ಸೇರಿಸಿ ನಾಯಿಗಂತಲೇ ಬಿಸ್ಕೆಟ್ ಮಾಡಿ ಮಾರಿದ. ಅಲ್ಲೀವರೆಗೂ ಹೆಚ್ಚಾಗಿ ನಾಯಿ ಊಟ ಮನೆ ಒಲೆದೇ. ನಮ್ಮ ಕಡೆ ಮುದ್ದೆ ಚೂರು, ತಂಗಳು.

ಹಂಗಾಗಿ ಮನೇಲೇ ಮಾಡಿದ್ರೆ ನಾಚ್ಕೋಬೇಡಿ. ಎರಡು ಲೋಟ ರಾಗಿ ಹಿಟ್ಟು, ಒಂದು ಲೋಟ ಗೋಧಿ ಹಿಟ್ಟು, ಬೇಯಿಸಿ ಕಿವುಚಿದ ಸಿಹಿಗುಂಬಳ ಹಿಡಿಸುವಷ್ಟು. ಗಟ್ಟಿಯಾಗಿ ಕಲಸಿ, ತಟ್ಟಿ, ಕತ್ತರಿಸಿ, ಕಾವಲಿ ಮೇಲೆ ಸಣ್ಣ ಉರೀಲಿ ಒಣಗೋವರೆಗೂ ಬೇಯಿಸಿ. ಉಪ್ಪು ಬೇಡ, ಬೆಲ್ಲ ಬೇಡ. ರುಚಿ ನಮಗೆ ಅಲ್ಲವಲ್ಲ! ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ಮಾತ್ರ ಹತ್ರಾನೂ ತರಬೇಡಿ, ನಾಯಿಗೆ ವಿಷ. ಹಬ್ಬದ ಪಾಯಸ ಹಾಕೋರು ಒಣದ್ರಾಕ್ಷಿ ನೆನಪಿಟ್ಕೊಳ್ಳಿ. ಡಬ್ಬಿ ಮೇಲೆ ನಾಯಿ ಹೆಸರು ಬರೀರಿ, ಸಾಕಿದೋರ ಮುಖ ಅರಳತ್ತೆ.

ಎಳೆದಾಡೋಕೆ ಹಳೇ ಹತ್ತಿ ಸೀರೆ ಸೀಳಿ ಮೂರೆಳೆ ಜಡೆ ಹೆಣೆದು, ಎರಡೂ ತುದಿಗೆ ಬಿಗಿಯಾಗಿ ಗಂಟು ಹಾಕಿ. ಜರಿ ಅಂಚು ಕಿತ್ತಾಕಿ. ನೂಲು ಬಿಟ್ಕೊಳ್ಳೋಕೆ ಶುರುವಾದ್ರೆ ಎಸೆದ್ಬಿಡಿ ಅಂತ ಆ ಮನೆಯೋರಿಗೆ ಹೇಳಿಬನ್ನಿ, ನುಂಗಿದ್ರೆ ಕರುಳಿಗೆ ಸಿಕ್ಕಾಕ್ಕೊಳ್ಳತ್ತೆ.