ಪ್ರಾಚೀನ ಧರ್ಮಸಂಸ್ಥೆಗಳ ಆಯವ್ಯಯ

ನಮ್ಮ ಪೂರ್ವಿಕರು ದಾನಮಾಡುವುದರಲ್ಲಿ ಉದಾರಿಗಳು, ಲೆಕ್ಕವಿಡುವುದರಲ್ಲಿ ಉದಾಸೀನರು ಎಂಬ ಮಾತು ವಿದ್ಯಾವಂತರಲ್ಲಿಯೂ ಕೇಳಿಬರುವುದುಂಟು. ಇದರ ಪೂರ್ವಾರ್ಧವು ದಿಟ. ಉತ್ತರಾರ್ಧವು ಶಾಸನಗಳನ್ನು ಓದದವರ ಮಾತು. ದೇವಾಲಯ, ಮಠ, ವಿದ್ಯಾಶಾಲೆ, ಆತುರಶಾಲೆ ಮೊದಲಾದುವು ಲಾಭಕ್ಕಾಗಿ ಹುಟ್ಟಿದುವಲ್ಲ. ಆದರೂ ಅವು ನಾಳೆಯೂ ನಡೆಯಬೇಕಾದರೆ ಇಂದೇ ಆದಾಯವನ್ನೂ ವೆಚ್ಚವನ್ನೂ ಸರಿದೂಗಿಸಿಡಬೇಕೆಂಬುದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಲೆಕ್ಕದ ಅಂಗಗಳಲ್ಲಿ ಆಯ, ವ್ಯಯ, ನೀವೀ ಎಂಬುವನ್ನು ಹೇಳಿದೆ. ಬಂದುದು ಆಯ, ಹೋದುದು ವ್ಯಯ, ಉಳಿದುದು ನೀವೀ. ಅರಮನೆಯ ಭಂಡಾರಕ್ಕಾಗಿ ಬಳಕೆಯಲ್ಲಿದ್ದ ಈ ನೀವೀ ಎಂಬ ಪದವು ಧರ್ಮಕಾರ್ಯದ ಶಾಸನಗಳಲ್ಲಿ ‘ಅಕ್ಷಯನೀವೀ’ ಎಂದು ಹೊಸ ಅರ್ಥವನ್ನು ಪಡೆಯಿತು. ಮೂಲಧನವನ್ನು ಮುಟ್ಟದೆ, ಅದರಿಂದ ಹುಟ್ಟುವ ಬಡ್ಡಿಯೊಂದನ್ನೇ ಅನುಭವಿಸತಕ್ಕ ನಿಧಿಯೆಂಬುದೇ ಅದರ ಭಾವ.

ನಾಸಿಕದ ಬೌದ್ಧ ಗುಹೆಗಳಲ್ಲಿ ಇದಕ್ಕೆ ನಿದರ್ಶನವಿದೆ. ಕ್ಷತ್ರಪ ನಹಪಾನನ ಅಳಿಯನಾದ ಉಷವದಾತನು ಕ್ರಿಸ್ತಶಕದ ಆದಿಶತಮಾನಗಳಲ್ಲಿ ಅಲ್ಲಿ ಒಂದು ಗುಹೆಯನ್ನು ಭಿಕ್ಷುಸಂಘಕ್ಕೆ ಅರ್ಪಿಸಿ, ೩,೦೦೦ ಕಾರ್ಷಾಪಣಗಳನ್ನು ಗೋವರ್ಧನದ ನೇಕಾರ ಶ್ರೇಣಿಗಳಲ್ಲಿ ಇಡಿಸಿದನು. ೨,೦೦೦ವನ್ನು ಒಂದು ಶ್ರೇಣಿಯಲ್ಲಿ ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೂ, ೧,೦೦೦ವನ್ನು ಇನ್ನೊಂದರಲ್ಲಿ ನೂರಕ್ಕೆ ಮುಕ್ಕಾಲರ ಬಡ್ಡಿಗೂ ಇಟ್ಟನು. ಮೊದಲನೆಯ ಬಡ್ಡಿ ವರ್ಷಕ್ಕೆ ೨೪೦ ಆಗುವುದು. ಮಳೆಗಾಲದಲ್ಲಿ ಅಲ್ಲಿ ತಂಗುವ ಭಿಕ್ಷುಗಳು ೨೦ ಮಂದಿ; ಒಬ್ಬೊಬ್ಬರ ಚೀವರಕ್ಕೆ ೧೨. ವಾಚಕರು ಗುಣಿಸಿ ನೋಡಬಹುದು: ಒಂದು ಕಾರ್ಷಾಪಣವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂಲಧನವನ್ನು ಹಿಂದಿರುಗಿಸತಕ್ಕದ್ದಲ್ಲವೆಂದು ಶಾಸನವು ಸ್ಪಷ್ಟವಾಗಿ ಹೇಳುವುದಲ್ಲದೆ, ಈ ಏರ್ಪಾಡನ್ನು ನಿಗಮಸಭೆಯಲ್ಲಿ ಸಾರಿ, ಪದ್ಧತಿಯಂತೆ ದಾಖಲೆಮಾಡಿಸಿತೆಂದೂ ತಿಳಿಸುವುದು. ವೆಚ್ಚವನ್ನು ಮೊದಲು ಎಣಿಸಿ, ಅದಕ್ಕೆ ತಕ್ಕ ನಿಧಿಯನ್ನು ಬಳಿಕ ಇಟ್ಟಂತೆ ಕಾಣುವುದು.

ಹಣವೇ ಮೂಲಧನವಾಗಬೇಕೆಂಬ ನಿಯಮವಿರಲಿಲ್ಲ. ೧೦೧೦ರಲ್ಲಿ ಪೂರ್ಣವಾದ ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ಒಂದು ದೀಪವು ಅವಿಚ್ಛಿನ್ನವಾಗಿ ಉರಿಯಲು ೯೬ ಕುರಿಗಳನ್ನು, ಇಲ್ಲವೆ ೪೮ ಹಸುಗಳನ್ನು, ಇಲ್ಲವೆ ೧೬ ಎಮ್ಮೆಗಳನ್ನು ಕೊಡುವ ಪದ್ಧತಿಯಿದ್ದಿತು. ಇವನ್ನು ವಹಿಸಿಕೊಂಡ ಕುರುಬನು ನಿತ್ಯವೂ ಒಂದು ಉಳಕ್ಕು ತುಪ್ಪವನ್ನು ಅಳೆದುಕೊಡಬೇಕು. ತಮಿಳು ಶಾಸನಗಳು ಇಂಥವನ್ನು ಸಾಯದ, ಮುಪ್ಪಾಗದ ಕುರಿಗಳೆಂದು ಕರೆಯುತ್ತವೆ. ಕುರಿ ಸಾಯದೆ ಇರುವುದುಂಟೆ? ಸತ್ತುದರ ಎಡೆಯಲ್ಲಿ ಮರಿಯನ್ನು ನಿಲ್ಲಿಸಿ ಮಂದೆಯ ಎಣಿಕೆಯನ್ನು ಕಾಪಾಡುವ ಹೊಣೆ ಪಡೆದವನದು. ಮಿಕ್ಕ ಮರಿಗಳು ಅವನ ಲಾಭ. ಅಕ್ಷಯನೀವಿಗೆ ಇದಕ್ಕಿಂತ ಸುಲಭವಾದ ವ್ಯಾಖ್ಯಾನವು ದೊರೆಯಲಾರದು. ಅದೇ ದೇವಾಲಯದ ಹಣವನ್ನು ಗ್ರಾಮಸಭೆಗಳು ಸಾಲವಾಗಿ ಪಡೆದು, ಕಾಸೊಂದಕ್ಕೆ ವರ್ಷಕ್ಕೆ ಅರೆಕಾಲು ಕಾಸು, ಎಂದರೆ ನೂರಕ್ಕೆ ಹನ್ನೆರಡೂವರೆ, ಬಡ್ಡಿಯನ್ನು ತೆರುತ್ತಿದ್ದುವು.

ಕನ್ನಡ ನಾಡಿನ ದಾನಶಾಸನಗಳಲ್ಲಿ ವೆಚ್ಚದ ಬಾಬುಗಳು ಒಂದು ಸೂತ್ರದಂತೆ ಬರುತ್ತವೆ: ಅಂಗಭೋಗ, ರಂಗಭೋಗ, ನಂದಾದೀವಿಗೆ, ಆಹಾರದಾನ, ವಿದ್ಯಾದಾನ, ಖಂಡಸ್ಫುಟಿತ ಜೀರ್ಣೋದ್ಧಾರ. ಕಡೆಯ ಬಾಬು ಮನನಕ್ಕೆ ಯೋಗ್ಯವಾದುದು. ಕಟ್ಟಿದುದು ಬಿರಿಯುವುದೆಂದು, ಕಟ್ಟುವಾಗಲೇ ಅದರ ದುರಸ್ತಿಗೆ ಭೂಮಿಯನ್ನು ಬಿಟ್ಟರು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಸ್ಥಾಪಿಸಿದ ವಿದ್ಯಾಶಾಲೆಯ ೯೪೫ರ ಶಾಸನವು ಮತ್ತೊಂದು ಮಾರ್ಗವನ್ನು ತೋರಿಸುವುದು. ಭೂದಾನವಲ್ಲದೆ, ಊರಿನಲ್ಲಿ ಮದುವೆ, ಉಪನಯನ, ಚೌಲಗಳು ನಡೆದಾಗಲೆಲ್ಲ ಶಾಲೆಗೆ ಇಷ್ಟಿಷ್ಟು ಸಲ್ಲಬೇಕೆಂದು ವಿಧಿಸಿದರು. ಮದುವೆಗೆ ಹೆಚ್ಚು, ಉಪನಯನಕ್ಕೆ ಅದರ ಅರ್ಧ. ಮನೆಯ ಸಂತೋಷದಲ್ಲಿ ಶಾಲೆಗೂ ಪಾಲು ಉಂಟಾಯಿತು. ಆದಾಯವು ಒಬ್ಬ ದಾನಿಯ ಮೇಲೆ ಮಾತ್ರ ನಿಲ್ಲಲಿಲ್ಲ.

ಆದರೆ ಒಂದು ಸಂಸ್ಥೆಯ ವರ್ಷದ ವೆಚ್ಚವನ್ನು ಆಮೂಲಾಗ್ರವಾಗಿ ಕಾಣಬೇಕಾದರೆ ಕಾಂಚೀಪುರದ ಸಮೀಪದ ತಿರುಮುಕ್ಕೂಡಲಿಗೆ ಹೋಗಬೇಕು. ವೀರರಾಜೇಂದ್ರ ಚೋಳನ ಕಾಲದ, ಸುಮಾರು ೧೦೬೮ರ, ಅಲ್ಲಿಯ ಶಾಸನವು ಕರ್ಣಾಟಕದ ಚಾಳುಕ್ಯರೊಡನೆ ಅವನು ಮಾಡಿದ ಯುದ್ಧಗಳನ್ನು ಹೊಗಳಿ, ಅನಂತರ ಎಣ್ಣೆ ಬತ್ತಗಳ ಲೆಕ್ಕಕ್ಕೆ ಇಳಿಯುವುದು. ವಯಲೈಕ್ಕಾವೂರು ಎಂಬ ಗ್ರಾಮದಿಂದ ಬರುವ ೩,೨೪೩ ಕಲಕ್ಕೂ ಮಿಗಿಲಾದ ಬತ್ತ, ೨೧೬ ಕಾಸಿಗೂ ಮಿಕ್ಕ ಹಣ, ಇವು ದೇವರ ಪೂಜೆ, ವೇದ ವ್ಯಾಕರಣಗಳ ಪಾಠಶಾಲೆ, ವಿದ್ಯಾರ್ಥಿಗಳ ಊಟ, ಅವರ ಶನಿವಾರದ ಅಭ್ಯಂಗನ, ಹದಿನೈದು ಹಾಸಿಗೆಗಳ ಆತುರಶಾಲೆ, ಇಷ್ಟಕ್ಕೂ ಹಂಚಿವೆ. ವೈದ್ಯನಿಗೆ ವರ್ಷಕ್ಕೆ ೯೦ ಕಲ ಬತ್ತ, ೮ ಕಾಸು. ಶಸ್ತ್ರವೈದ್ಯನಿಗೂ, ಮೂಲಿಕೆಗಳನ್ನು ತರುವವರಿಗೂ, ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರಿಗೂ, ಕ್ಷೌರಿಕನಿಗೂ ಬೇರೆಬೇರೆ ಸಂಬಳ. ಸಂಗ್ರಹದಲ್ಲಿರಬೇಕಾದ ಔಷಧಗಳ ಹೆಸರೂ ಉಂಟು. ದಶಮೂಲಹರೀತಕಿ, ಬಿಲ್ವಾದಿಘೃತ ಮೊದಲಾದುವು. ರಾತ್ರಿ ರೋಗಿಗಳ ಬಳಿ ಉರಿಯುವ ದೀಪದ ಎಣ್ಣೆಯೂ ಬಿಟ್ಟುಹೋಗಿಲ್ಲ. ಸಂಬಳದ ಬಹುಭಾಗವು ಧಾನ್ಯರೂಪದಲ್ಲಿದ್ದುದರಿಂದ ನಾಣ್ಯದ ಬೆಲೆ ಇಳಿದರೂ ವೈದ್ಯನ ಅನ್ನಕ್ಕೆ ಕೊರತೆಯಾಗುತ್ತಿರಲಿಲ್ಲ.

ಇಷ್ಟಾದರೂ ಈ ಪದ್ಧತಿಯು ದೋಷರಹಿತವೆಂದು ಹೇಳಲಾಗದು. ಕಲ್ಲಿನಲ್ಲಿ ಕೊರೆದ ಅಂಕೆಯನ್ನು ಕಾಲಕ್ಕೆ ತಕ್ಕಂತೆ ತಿದ್ದುವುದು ಕಷ್ಟ. ವಿದ್ಯಾರ್ಥಿಗಳು ಹೆಚ್ಚಿದರೆ, ಮಳೆ ತಪ್ಪಿದರೆ, ಬಡ್ಡಿಯನ್ನು ತೆರುವ ಶ್ರೇಣಿಯೇ ಚದರಿಹೋದರೆ ಏನು ಗತಿ? ಒಂದೇ ಗ್ರಾಮದ ಫಲವನ್ನು ನಂಬಿದ ಆತುರಶಾಲೆಗೆ ಆ ಗ್ರಾಮವು ಕೈಬಿಟ್ಟ ದಿನವೇ ಕಡೆಯ ದಿನ. ಇಂದು ನಾಸಿಕದ ಗುಹೆಯಲ್ಲಿ ಚೀವರದ ಹಣವನ್ನು ಹಂಚುವವರಿಲ್ಲ; ತಿರುಮುಕ್ಕೂಡಲಿನ ಹದಿನೈದು ಹಾಸಿಗೆಗಳು ಶಾಸನದಲ್ಲಿ ಮಾತ್ರ ಉಳಿದಿವೆ. ವರ್ಷ ವರ್ಷವೂ ಅಂದಾಜನ್ನು ಹೊಸದಾಗಿ ತಯಾರಿಸಿ ಸಭೆಯ ಮುಂದಿಡುವ ಈಗಿನ ಕ್ರಮವು ಈ ಒಂದು ವಿಷಯದಲ್ಲಿ ಮೇಲಾದುದು.

ಆದರೆ ಕ್ರಮವು ಮೇಲಾದ ಮಾತ್ರಕ್ಕೆ ನಡೆಯೂ ಮೇಲಾಗುವುದಿಲ್ಲ. ಉತ್ಸಾಹದ ಕಾಲದಲ್ಲಿ ಚಂದಾ ಕೂಡಿಸಿ ವಾಚನಾಲಯಕ್ಕೆ ಕಟ್ಟಡವನ್ನೆತ್ತಿ, ಮರುವರ್ಷ ಪುಸ್ತಕಕ್ಕೂ ದೀಪಕ್ಕೂ ಹಣವಿಲ್ಲದೆ ಬೀಗವಿಕ್ಕುವ ಸಂಘಗಳು ಯಾವ ಊರಿನಲ್ಲಿಲ್ಲ? ಶಾಶ್ವತನಿಧಿಯೆಂದು ಹೆಸರಿಟ್ಟು, ಒಂದು ಉತ್ಸವಕ್ಕಾಗಿ ಅದನ್ನೇ ಕರಗಿಸುವವರೂ ಉಂಟು. ಅಂಥವರು ಕುರಿಯ ಹಾಲಿನಿಂದ ದೀಪವನ್ನುರಿಸದೆ, ಕುರಿಯನ್ನೇ ಮಾರಿ ಒಂದು ರಾತ್ರಿ ಪಂಜು ಹಿಡಿದವರು. ನಮ್ಮ ದಾನಶಾಸನಗಳ ಕೊನೆಯಲ್ಲಿ ಶಾಪದ ಶ್ಲೋಕಗಳೊಡನೆ ದಾನಕ್ಕಿಂತ ದಾನದ ಪಾಲನೆಯು ದೊಡ್ಡದೆಂಬ ಹಿತವಚನವೂ ಬರುವುದು ಎಲ್ಲರೂ ಬಲ್ಲುದೇ. ಕೊಟ್ಟವನ ಹೆಸರು ಕಲ್ಲಿನ ಮೊದಲಲ್ಲಿ ನಿಲ್ಲುವುದು, ಕಾಯುವವನಿಗೆ ಹೆಸರಿಲ್ಲ. ಆದರೂ ಅಷ್ಟು ಕಾಲ ದೀಪವು ಉರಿದುದು, ಪ್ರತಿದಿನವೂ ತಪ್ಪದೆ ತುಪ್ಪವನ್ನು ಅಳೆದ ಆ ಹೆಸರಿಲ್ಲದವನಿಂದ.